ತಿತ್ತರ ಓಗೊಡದ ಮಗ್ಗುಲು

ನಮ್ಮ ಮೇಡಂ ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲು ಅಂಗಳದ ಗಿಡದ್ದೊಂದು ಎಲೆ ಒರೆಸುತ್ತಿದ್ದರು. ಸೊಂಟಕ್ಕೆ ಸಿಕ್ಕಿಸಿದ ಬಿಳಿ ಕರವಸ್ತ್ರವನ್ನು ಎಡಗೈಯಲ್ಲಿ ತೆಗೆದು, ಬಲಗೈಯಲ್ಲಿ ಎಲೆಯ ತೊಟ್ಟು ಹಿಡಿದು, ನೆಗಡಿಯಾದ ಕೂಸಿನ ಮೂಗು ಒರೆಸುವ ಹಾಗೆ ಒಮ್ಮೆ ಎಳೆದು, ಕರವಸ್ತ್ರವನ್ನು ಬೆಳಕಿಗೆ ಹಿಡಿದು ನೋಡುವರು. ಮನೆಯೊಡತಿ ಬಾಗಿಲಲ್ಲಿ ನಿಂತು, ತನ್ನ ಮನೆಗೆಲಸದ ಪರೀಕ್ಷೆ ನಡೆದಿದೆ ಎಂದುಕೊಂಡು ಬೆವರುವಳು. "ನಿಮ್ಮ ತಪ್ಪಲ್ರಿ, ರಸ್ತೆದು" ಎಂದು ಮೇಡಂ ಸಮಾಧಾನ ಹೇಳಿ ಒಳಗೆ ಬರುವರು. ಅಷ್ಟರಲ್ಲಿ ಚಹಾಕ್ಕೆ ಇಟ್ಟ ಹಾಲು ಉಕ್ಕಿರುತ್ತಿತ್ತು.

ಭಾಲ್ಕಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅವರು ಹೋದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮಾತಾಡಿದವರೆಲ್ಲ ಅವರನ್ನು ಪರಿಸರಪ್ರೇಮಿ ಎಂದರು. ಮೇಡಂ ವೇದಿಕೆಯ ಮೇಲೆ ಕುಳಿತವರು, ಕೈ ಸುಮ್ಮನಿರಲಾರದೆ, ಕೈಗೆ ಬಂದ ಹೂಗುಚ್ಛದ ಎಲೆಯನ್ನು ಒರೆಸಿದರು. ಅದು ಪ್ಲಾಸ್ಟಿಕ್ಕಿನದು. ತಮ್ಮ ಸರದಿ ಬಂದಾಗ ಮೈಕಿನಲ್ಲಿ ಅದನ್ನೇ ಹೇಳಿದರು: ನಮ್ಮ ಊರಾಗ ಸ್ವಚ್ಛ ಇರೋ ಎಲಿ ಇದೊಂದೇ ನೋಡ್ರಿ, ಇದಕ್ಕ ಉಸಿರಾಡೋ ಕೆಲಸ ಇಲ್ಲ.

ಕಾಲೇಜಿನವರು ನನ್ನನ್ನು ಆ ಬೀಳ್ಕೊಡುಗೆಗೆ ಕರೆದದ್ದು ಮೇಡಂ ಅವರನ್ನು ಅಣಕಿಸಲಿಕ್ಕೆ. ನಾನು ಠಾಣಾ ಕುಶನೂರಿನವನು. ಈಗ ಬೀದರಿನ ಕಾಳಿನ ಪೇಟೆ ಗಾಂಧಿ ಗಂಜ್‌ನಲ್ಲಿ, ಒಂದು ಅಡತಿ ಅಂಗಡಿಯಲ್ಲಿ ತೊಗರಿಯ ಸವಾಲು ಕೂಗುತ್ತೇನೆ. ರೈತನ ಚೀಲ ಬಿಚ್ಚಿದ ಮೇಲೆ ದರ ಏರಿಸಲು ಗಂಟಲು ಹರಿದುಕೊಳ್ಳುವುದೇ ನನ್ನ ಕಸುಬು. ಉಳಿದ ಹೊತ್ತಿನಲ್ಲಿ ಮಂದಿಯ ಅಣಕು. ಔರಾದ ಬಸ್ಸಿನ ಕಂಡಕ್ಟರು ಬಾಯಲ್ಲಿ ಸೀಟಿ ಇಟ್ಟುಕೊಂಡೇ ಜಗಳಾಡುವುದು, ಪ್ರಿನ್ಸಿಪಾಲರು "ಆತ್ಮೀಯರೇ" ಎನ್ನುವ ಮೊದಲು ಗಂಟಲಿನೊಳಗೆ ಟ್ರ್ಯಾಕ್ಟರ್ ಚಾಲೂ ಮಾಡುವುದು, ನನ್ನಪ್ಪ ಫೋನು ಹಿಡಿದು, ಎದುರಿನವರಿಗೆ ಫೋನೇ ಇಲ್ಲವೇನೋ ಎಂಬಂತೆ ಊರಿಗೆಲ್ಲ ಕೇಳುವ ಹಾಗೆ ಕೂಗುವುದು, ಎಲ್ಲವೂ ನನ್ನ ಬಳಿ ಉಂಟು. ನನ್ನದೂ ಉಂಟು. ರಿಸಲ್ಟ್ ಬಂದ ದಿನ ಒಂದು ವಿಷಯದಲ್ಲಿ ಡುಮ್ಕಿ ಹೊಡೆದು, ಉಳಿದ ವಿಷಯಗಳ ಬಗ್ಗೆಯಷ್ಟೇ ಮಾತಾಡುವ ಹುಡುಗನ ಅಣಕನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಮೂರು ತಾಲ್ಲೂಕಿನಲ್ಲಿಲ್ಲ. ಇಷ್ಟೆಲ್ಲ ದನಿ ತೆಗೆದು ತೆಗೆದು, ಸ್ವಂತ ದನಿಯಲ್ಲಿ ಊಟ ಕೇಳಿದರೆ ಅವ್ವ ಇಂದಿಗೂ ಅಡುಗೆಮನೆಯಿಂದ "ಇದ್ಯಾರದು ಮಾಡ್ಲಾಕತ್ತಿ?" ಎಂದು ಕೇಳುತ್ತಾಳೆ.

ಮೇಡಂ ನನ್ನ ಕೈಗೆ ಸಿಕ್ಕಿದ್ದು, ಅಂದರೆ ನಾನು ಅವರ ಕೈಗೆ ಸಿಕ್ಕಿದ್ದು, ಪದವಿಯ ಮೊದಲ ವರ್ಷದಲ್ಲಿ. ಅವರು ಬರುವುದು ತಡವಾಗಿತ್ತು. ನಾನು ಬೋರ್ಡು ಒರೆಸುವ ಬಟ್ಟೆಯನ್ನು ಕರವಸ್ತ್ರ ಮಾಡಿಕೊಂಡು, ಬೇವಿನ ಟೊಂಗೆಯೊಂದನ್ನು ಹಿಡಿದು, ಅವರ ಹಾಗೆ ಎಲೆ ಒರೆಸುತ್ತ ತರಗತಿ ಸುತ್ತುತ್ತಿದ್ದೆ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಒಮ್ಮೆಲೇ ನಗು ನಿಂತಿತು. ನಗು ಒಮ್ಮೆಲೇ ನಿಂತರೆ ಬಾಗಿಲ ಕಡೆ ನೋಡಬೇಕು, ಅದು ಅಣಕಿಸುವವನ ಮೊದಲ ಪಾಠ. ಮೇಡಂ ಕೈಕಟ್ಟಿ ನಿಂತಿದ್ದರು.

"ಕರವಸ್ತ್ರ ಎಡಗೈಯಾಗ ಇರ್ತದ ನಂದು" ಎಂದರು. "ನೀ ಬಲಗೈಯಾಗ ಹಿಡಿದಿ. ಮತ್ತ ನಾ ಅಷ್ಟು ಸೊಂಟಾ ತಿರುವಿ ನಡಿಯಂಗಿಲ್ಲ. ನೋಡಿ ಮಾಡು."

ಬೈದಿದ್ದರೆ ಬದುಕುತ್ತಿದ್ದೆ. ತಿದ್ದಿದರಲ್ಲ, ಬಟ್ಟೆಯನ್ನು ಎಡಗೈಗೆ ಬದಲಿಸಿಕೊಂಡೆ. ಮೇಡಂ ಅಲ್ಲಿಗೇ ಬಿಡಲಿಲ್ಲ. ಮಂದಿದು ಯಾರ ಬೇಕಾದವ್ರು ಮಾಡ್ತಾರ, ಹಕ್ಕಿದು ಬರ್ತದೇನು ನಿನಗ ಎಂದು ಕೇಳಿದರು. ಕಾಗೆ ಕೂಗಿದೆ, ನಕ್ಕರು. ನವಿಲು ಕೂಗಿದೆ, ಪಕ್ಕದ ತರಗತಿಯಿಂದ ಇಂಗ್ಲಿಷ್ ಸರ್ ಗದರಿದರು. ಕೊನೆಗೆ ತಿತ್ತರ ಕೂಗಿದೆ. ತಿತ್ತರ ಅಂದರೆ ಪುಸ್ತಕದವರ ಗೌಜಲಹಕ್ಕಿ, ಹುಂಜದ ಮರಿಯಷ್ಟು ದಪ್ಪ, ಹೊಲದ ಬದುವಿನಲ್ಲಿ ಓಡಾಡುವ ಕಂದು ಹಕ್ಕಿ. ಸಣ್ಣವನಿದ್ದಾಗ ಕುಶನೂರಿನ ತೊಗರಿ ಹೊಲದಲ್ಲಿ ಅದರ ಸಂಗಡ ಹರಟೆ ಹೊಡೆದೇ ಬೆಳೆದವನು ನಾನು. "ಕತೀತರ್, ಕತೀತರ್" ಎಂದು ಕೂಗಿ ಬಾಯಿ ಮುಚ್ಚುವುದರೊಳಗೆ ಕಾಲೇಜಿನ ಹಿಂದಿನ ಹೊಲದಿಂದ ನಿಜವಾದದ್ದೊಂದು ಓಗೊಟ್ಟಿತು.

ಮೇಡಂ ಮುಖ ಹೇಗೆ ಅರಳಿತೆಂದರೆ, ಕಾಯಂ ನೌಕರಿಯ ಆರ್ಡರು ಬಂದವರದೂ ಹಾಗೆ ಅರಳುವುದಿಲ್ಲ.

"ರವಿವಾರ ಏನ್ ಮಾಡ್ತಿ?"

"ಮಲ್ಕೋತೇನ್ರಿ."

"ಇನ್ನ ಮ್ಯಾಲ ಇಲ್ಲ."

ಆ ರವಿವಾರದಿಂದ ನನ್ನ ನಿದ್ದೆ ಹೋಯಿತು, ಗುಡ್ಡ ಬಂತು. ಭಾಲ್ಕಿಯಿಂದ ಔರಾದಿನ ಕಡೆ ಹೋಗುವ ಒಂದು ಒಳರಸ್ತೆಯ ಪಕ್ಕ ಕುರುಚಲು ಕಾಡಿನ ಗುಡ್ಡವಿದೆ. ಕಾಡು ಅಂದಕೂಡಲೇ ಆನೆ, ಹುಲಿ, ಜಲಪಾತ ನೆನೆಯುವವರು ನಮ್ಮ ಕಡೆ ಬಂದರೆ ಬೇಸರಪಟ್ಟಾರು. ಇಲ್ಲಿ ಇರುವುದು ಸೀತಾಫಲ, ಮುತ್ತಲ, ಜಾಲಿ, ಅಲ್ಲೊಂದು ಇಲ್ಲೊಂದು ಬೇವು. ಸಂಜೆ ಹುಲ್ಲುಗಾವಲಿಗೆ ಇಳಿಯುವ ಚಿಗರಿ, ಹಗಲೆಲ್ಲ ಮರದ ಮೇಲೆ ಕುಳಿತು ನಮ್ಮನ್ನು ಅಣಕಿಸುವ ಮುಸುವ. ಅವುಗಳನ್ನು ಕಂಡರೆ ನನಗೆ ಕಸುಬಿನವರನ್ನು ಕಂಡ ಗೌರವ.

ಈ ಗುಡ್ಡಕ್ಕೆ ಎರಡು ಮಗ್ಗುಲು. ಮೂಡಣದ ಮಗ್ಗುಲು ತನ್ನ ಪಾಡಿಗೆ ಹಸಿರಾಗಿತ್ತು. ಪಡುವಣದ ಮಗ್ಗುಲಿನ ಕಾಲಬುಡದಲ್ಲಿ ಒಂದು ಖಡಿ ಮಷೀನು, ಕಲ್ಲು ನುರಿಸಿ ರಸ್ತೆಗೆ, ಮನೆಗೆ ಜಲ್ಲಿ ಮಾಡುವುದು. ಅದು ಓಡುವಾಗ ಏಳುವ ಧೂಳು ಗಾಳಿ ಹಿಡಿದು ಗುಡ್ಡ ಹತ್ತುತ್ತಿತ್ತು. ಆ ಮಗ್ಗುಲಿನ ಗಿಡಗಳು ಹುಟ್ಟಿದಾರಭ್ಯ ಮುಖ ತೊಳೆಯದ ಹಾಗಿದ್ದವು. ಸೀತಾಫಲದ ಎಲೆ ಯಾವುದು, ಜಾಲಿಯದು ಯಾವುದು ಗುರುತು ಹತ್ತುತ್ತಿರಲಿಲ್ಲ, ಎಲ್ಲಕ್ಕೂ ಒಂದೇ ಬೂದಿ ಬಣ್ಣ.

ಮೇಡಂ ತರಗತಿಯಲ್ಲಿ ಪತ್ರರಂಧ್ರದ ಚಿತ್ರ ಬರೆಯುವಾಗ ನಾನು ನಿದ್ದೆ ಮಾಡುತ್ತಿದ್ದೆ. ಗುಡ್ಡದ ಮೇಲೆ ಹೇಳಿದ್ದು ಮಾತ್ರ ಇಂದಿಗೂ ಬಾಯಿಪಾಠ. ಎಲಿ ಅಂದ್ರ ಗಿಡದ ಮೂಗೂ ಅದೇ, ಒಲಿನೂ ಅದೇ. ಮೂಗು ಕಟ್ಟಿ, ಒಲಿ ಮ್ಯಾಲ ಬೂದಿ ಸುರುವಿದ್ರ ಆ ಮನಿಯಾಗ ಅಡಿಗಿ ಹ್ಯಾಂಗ ಆಗಬೇಕು ಎನ್ನುವರು. ಹೂವಿನ ಬಾಯಿ ತುಂಬ ಧೂಳು ಕೂತರೆ ಪರಾಗ ಹತ್ತುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಎಲೆ ಬಿರುಸಾದರೆ ಹುಳು ಬರುವುದಿಲ್ಲ, ಹುಳು ಇಲ್ಲದಿದ್ದರೆ ತಿತ್ತರದ ಮರಿಗೆ ಕೂಳಿಲ್ಲ. ಮರದ ತೊಗಟೆಯ ಮೇಲೆ ಬೂದು-ಹಸಿರು ಕಲೆಗಳ ಹಾಗೆ ಬೆಳೆಯುವ ಕಲ್ಲುಹೂವನ್ನು ತೋರಿಸಿ, ನಿಮ್ಮ ಅವ್ವ ಮಸಾಲಿಗಿ ಹಾಕೋ ದಗಡಫೂಲಿನ ಬಡ ಸಂಬಂಧಿ ಇದು, ಗಾಳಿ ಕೆಟ್ಟರೆ ಎಲ್ಲರಿಗಿಂತ ಮೊದಲು ಮನಿ ಖಾಲಿ ಮಾಡ್ತದ ಎಂದಿದ್ದರು. ಮೂಡಣದ ಬೇವಿನ ಬೊಡ್ಡೆಯಲ್ಲಿ ಅದು ಇತ್ತು. ಪಡುವಣದಲ್ಲಿ ಹುಡುಕಿದೆವು, ಇರಲಿಲ್ಲ.

ಒಂದು ಮುಸುವ ಪಡುವಣದ ಗಿಡದಿಂದ ಚಿಗುರು ಕಿತ್ತು, ಮೂಸಿ, ಎದೆಯ ಮೇಲೆ ಉಜ್ಜಿ, ಕೊನೆಗೆ ಎಸೆದು ಮೂಡಣಕ್ಕೆ ಹೊರಟುಹೋಯಿತು. ಅದೂ ನಿಮ್ಮ ಹಾಗೆ ಒರೆಸುತ್ತದಲ್ಲ ಮೇಡಂ ಎಂದೆ. ನನ್ನ ವಿದ್ಯಾರ್ಥಿಗಳೊಳಗ ಅದೊಂದು ಹುಷಾರ್ ಅದ ಎಂದರು.

ಎಲೆ, ತೊಗಟೆ ಎಲ್ಲ ಅವರ ಪಾಲು. ಕೂಗುವುದು ನನ್ನ ಪಾಲು. ಒಂದೊಂದು ಮಗ್ಗುಲಲ್ಲಿ ನಿಂತು ನಾನು ತಿತ್ತರದ ಕೂಗು ಹಾಕಬೇಕು, ಓಗೊಟ್ಟದ್ದನ್ನು ಅವರು ಕೇಳಿ ಗುರುತಿಸಬೇಕು. ಮೂಡಣದಲ್ಲಿ ನಾನು ಒಂದು ಕೂಗಿದರೆ ನಾಲ್ಕು ಕಡೆಯಿಂದ ಬೈಗಳ ಬರುತ್ತಿತ್ತು. ಪಡುವಣದಲ್ಲಿ ಕೂಗುತ್ತಿದ್ದೆ, ನಿಲ್ಲುತ್ತಿದ್ದೆ, ಮತ್ತೆ ಕೂಗುತ್ತಿದ್ದೆ. ಚಪ್ಪಾಳೆ ಬೀಳದ ಸಭೆ ನನಗೆ ಹೊಸದೇನಲ್ಲ. ಆದರೆ ಸಭೆಯೇ ಇಲ್ಲದ ಮೈದಾನದಲ್ಲಿ ಮೈಕು ಹಿಡಿದು ನಿಂತ ಅನುಭವ ಅಲ್ಲಿಯೇ ಆದದ್ದು. ಅಂಥ ಹೊತ್ತಿನಲ್ಲಿ ಮೇಡಂ ನನ್ನ ಕೈಗೆ ಒಂದು ಶೇಂಗಾ ಉಂಡೆ ಕೊಡುತ್ತಿದ್ದರು.

ಅವರ ಕರವಸ್ತ್ರಗಳನ್ನು ಒಗೆಯುತ್ತಿದ್ದವರು ಅವರ ಯಜಮಾನರು. ಬ್ಯಾಂಕಿನಿಂದ ನಿವೃತ್ತರಾದ ಶಾಂತ ಮನುಷ್ಯ. ನಾನೊಮ್ಮೆ ಹೋದಾಗ ಬಚ್ಚಲ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಸಾಬೂನು ಉಜ್ಜುತ್ತಿದ್ದರು. ಇವಳು ಎಲ್ಲಿ ಹೋಗಿದ್ದಳಂತ ನಾ ಕೇಳೋದೇ ಇಲ್ಲಪಾ ಎಂದರು. ಕೆಂಪು ಬಂದರೆ ಬೀದರಿನ ಮಣ್ಣು, ಕರ್ರಗೆ ಬಂದರೆ ಗಂಜಿನ ಲಾರಿ ಹೊಗೆ, ಎಷ್ಟು ತಿಕ್ಕಿದರೂ ಬೂದಿ ಹೋಗಲಿಲ್ಲವೆಂದರೆ ಖಡಿ ಮಷೀನು. ಗಂಡಸರಿಗೆ ಹೆಂಡತಿಯ ಮೇಲೆ ಕಣ್ಣಿಡಲು ಇದಕ್ಕಿಂತ ಸುಲಭ ಉಪಾಯ ಇಲ್ಲವೆಂದು ನನಗೆ ಬುದ್ಧಿ ಹೇಳಿದರು. ನನಗಿನ್ನೂ ಹೆಂಡತಿ ಇಲ್ಲದ ಕಾರಣ ಆ ಬುದ್ಧಿ ಹಾಗೇ ಉಳಿದಿದೆ.

ಗಂಜ್‌ಗೂ ಒಮ್ಮೆ ಬಂದಿದ್ದರು, ತೊಗರಿಬೇಳೆ ಒಯ್ಯಲು. ನಮ್ಮ ಅಂಗಡಿ ಮುಂದಿನ ಬೇವಿನ ಎಲೆ ಒರೆಸುತ್ತ ನಿಂತರು. ಒಂದು ಎಲೆಗೆ ಕರವಸ್ತ್ರ ಮುಗಿಯಿತು. ಚೀಲ ಇಳಿಸುತ್ತಿದ್ದ ಹಮಾಲನೊಬ್ಬ ನೋಡಿ ನೋಡಿ, ತನ್ನ ಹೆಗಲ ಮೇಲಿನ ಟವೆಲ್ ಮುಂದೆ ಹಿಡಿದ. ಇಡೀ ಗಿಡ ಒರಸೋದಿದ್ರ ಇದು ತಗೋರಿ ಬಾಯೋರ, ಸಾಲದಿದ್ರ ನಮ್ಮ ಮಂದಿದೆಲ್ಲ ಕೊಡಸ್ತೇನಿ ಎಂದ. ಮೇಡಂ ಟವೆಲ್ ನೋಡಿ, ಇದರಿಂದ ಒರಸಿದ್ರ ಎಲಿ ನನ್ನ ಮ್ಯಾಲ ಫಿರ್ಯಾದಿ ಕೊಡ್ತದಪಾ ಎಂದರು. ಅವತ್ತಿಡೀ ಹಮಾಲರು ಚೀಲಕ್ಕೊಮ್ಮೆ ನಕ್ಕರು.

ಖಡಿ ಮಷೀನಿನ ಸಾಹುಕಾರರ ಬಳಿ ಮಾತ್ರ ಅವರ ನಗೆ ನಡೆದಿರಲಿಲ್ಲ. ವರ್ಷಗಟ್ಟಲೆ ಹೋಗಿ ಕೇಳಿದ್ದು ಎರಡೇ ಮಾತು: ಮಷೀನಿನ ಬಾಯಿಗೆ ತಗಡಿನ ಮುಚ್ಚಿಗೆ ಕಟ್ಟಿಸಿರಿ, ಕಲ್ಲು ಬೀಳುವಲ್ಲಿ ನೀರು ಸಿಂಪಡಿಸಿರಿ. ಸಾಹುಕಾರರು ಕೆಟ್ಟವರಲ್ಲ. ಮೈ ತುಂಬ ಮಾತು, ಮಾತು ತುಂಬ ಸಕ್ಕರೆ. ಮೇಡಂ ಬರುವ ಸುದ್ದಿ ಸಿಕ್ಕರೆ ಆಫೀಸಿನ ಕುಂಡದ ಗಿಡವನ್ನು ಮೊದಲೇ ತೊಳೆಸಿಡುತ್ತಿದ್ದರು. ಬಂದ ಕೂಡಲೇ ಚಹಾ, ಮೇಲೆ ಉಪದೇಶ. ತಿತ್ತರ ಮಣ್ಣಿನಾಗೇ ಹೊರಳಾಡಿ ಜಳಕ ಮಾಡೋ ಹಕ್ಕಿ ಬಾಯೋರ, ಅದಕ್ಕ ಧೂಳ ಬೇಕೇ ಬೇಕು, ನಾ ಪುಕ್ಕಟೆ ಕೊಡ್ಲಾಕತ್ತೇನಿ ಎನ್ನುವರು. ನೀವೂ ಸಣ್ಣವರಿದ್ದಾಗ ಮಣ್ಣಾಗ ಆಡಿದ್ರಿ, ಈಗ ಊಟದಾಗ ಖಡಿ ಪುಡಿ ಕಲಸಿ ಕೊಡ್ಲೇನು ಎಂದು ಮೇಡಂ ಕೇಳುವರು. ಇಬ್ಬರೂ ಚಹಾ ಮುಗಿಸುವರು. ಧೂಳು ಗುಡ್ಡ ಹತ್ತುತ್ತಲೇ ಇರುವುದು.

ನಿವೃತ್ತಿಗೆ ಒಂದು ವರ್ಷ ಉಳಿದಾಗ ಮೇಡಂಗೆ ತಳಮಳ ಶುರುವಾಯಿತು. ಕುರ್ಚಿ ಹೋದ ಮೇಲೆ ತನ್ನ ಮಾತನ್ನು ಯಾರು ಕೇಳಬೇಕು ಎಂಬುದು ಅವರ ಅಂಜಿಕೆ. ಅಷ್ಟರೊಳಗೆ ಪಡುವಣದ ಮಗ್ಗುಲಿನಿಂದ ಒಂದು ತಿತ್ತರ ಕೂಗಬೇಕು, ಅದೊಂದೇ ಅವರ ಹಂಬಲ. ಆ ಮಳೆಗಾಲದ ಕೊನೆಗೆ ಸಾಹುಕಾರರನ್ನು ಹಿಡಿದು ಕೂರಿಸಿದರು. ಏನಾದರೂ ಮಾಡಿ ಇವರನ್ನು ಸಾಗಹಾಕಬೇಕೆಂದೋ ಏನೋ, ಸಾಹುಕಾರರು ಒಂದು ಮಾತು ಕೊಟ್ಟರು. ಬರುವ ಎಳ್ಳ ಅಮಾವಾಸ್ಯೆಯ ತನಕ ರವಿವಾರ ರವಿವಾರ ಕೂಗಿ ನೋಡಬೇಕು, ಸಂಗಡ ಅವರ ಕಡೆಯ ಒಬ್ಬ ಆಳು ಇರಬೇಕು. ಪಡುವಣದಲ್ಲಿ ಒಂದೂ ಓಗೊಡಲಿಲ್ಲವೆಂದರೆ ಮುಚ್ಚಿಗೆ, ನೀರು ಎರಡೂ ಮಾಡಿಸುತ್ತಾರೆ. ಒಂದಾದರೂ ಓಗೊಟ್ಟರೆ ಮೇಡಂ ಇನ್ನು ಮುಂದೆ ಧೂಳಿನ ಸುದ್ದಿ ಎತ್ತಬಾರದು.

ಇದು ಎಂಥ ವಿಚಿತ್ರ ಪಂದ್ಯ ನೋಡಿರಿ. ಯಾವ ಹಕ್ಕಿ ಕೂಗಲೆಂದು ಅಷ್ಟು ವರ್ಷ ಕಾದಿದ್ದರೋ, ಅದು ಕೂಗಿದರೆ ಅವರು ಸೋಲುತ್ತಿದ್ದರು.

ನಾನಾಗ ಗಂಜ್‌ನಲ್ಲಿ ಕೆಲಸಕ್ಕೆ ಸೇರಿದ್ದೆ. ವಾರವಿಡೀ ತೊಗರಿಗೆ ಕೂಗಿ ಒಡೆದ ಗಂಟಲನ್ನು ರವಿವಾರ ಭಾಲ್ಕಿಯ ಬಸ್ಸು ಹತ್ತಿಸಿಕೊಂಡು ಒಯ್ಯುತ್ತಿದ್ದೆ. ಚಳಿಗಾಲ ಅರ್ಧಕ್ಕೆ ಬಂತು. ಮೂಡಣದಲ್ಲಿ ಬೈಗಳ, ಪಡುವಣದಲ್ಲಿ ಶೇಂಗಾ ಉಂಡೆ. ಸಾಹುಕಾರರ ಆಳೂ ಬಂದು ಕೇಳಿ, ತಲೆ ಅಲ್ಲಾಡಿಸಿ ಹೋಗುತ್ತಿದ್ದ. ಮೇಡಂ ಗೆಲ್ಲುತ್ತಿದ್ದರು. ಗೆಲ್ಲುವವರ ಮುಖ ಅಷ್ಟು ಸಣ್ಣದಾಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಅವತ್ತು ಬೀದರ ಜಿಲ್ಲೆಯಲ್ಲಿ ಮನೆಯಲ್ಲಿ ಉಣ್ಣುವವನು ಹುಚ್ಚ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಕಾಳು, ಸೊಪ್ಪು, ಕಾಯಿಪಲ್ಲೆ ಎಲ್ಲ ಒಂದರೊಳಗೆ ಹಾಕಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಉಣ್ಣುವ ಮೊದಲು ಭೂಮಿತಾಯಿಗೆ ಒಂದಿಷ್ಟು ಎರಚುವುದು, ಅದಕ್ಕೆ ಚರಗ ಎನ್ನುತ್ತೇವೆ. ಮೇಡಂಗೆ ಹೊಲವಿಲ್ಲ. ಅವರ ಚರಗ ಗುಡ್ಡಕ್ಕೆ. ಮೂಡಣದಲ್ಲಿ ಎರಚಿ, ಬುಟ್ಟಿ ಹೊತ್ತು ಪಡುವಣಕ್ಕೂ ಬಂದು ಎರಚಿದರು. ಅಮಾವಾಸ್ಯೆಗೆ ಮಷೀನು ಓಡಿಸುವುದಿಲ್ಲ, ತೊಳೆದು ಪೂಜೆ ಮಾಡಿ ಕಾಯಿ ಒಡೆಯುತ್ತಾರೆ. ಹಾಗಾಗಿ ಗುಡ್ಡ ಅವತ್ತು ಮೌನವಾಗಿತ್ತು. ಯಜಮಾನರು ಭಜ್ಜಿ ಬಡಿಸಿದರು. ನಾನು ಮೂರು ರೊಟ್ಟಿ ಹೊಡೆದು, ತೇಗು ಬಂದ ಸಂತೋಷಕ್ಕೆ, ಕೊನೆಯ ಸಲ ಒಂದು ಕೂಗು ಹಾಕಿಬಿಟ್ಟೆ.

"ಕತೀತರ್, ಕತೀತರ್."

ಪಡುವಣದ ಕೆಳಗಿನಿಂದ ಓಗೊಟ್ಟಿತು. ಸ್ಪಷ್ಟವಾಗಿ, ಎರಡು ಸಲ.

ಮೇಡಂ ಕೈಯಲ್ಲಿನ ರೊಟ್ಟಿ ಹಾಗೇ ನಿಂತಿತು. ಮೊದಲು ನಕ್ಕರು. ಚಿಕ್ಕ ಹುಡುಗಿಯ ಹಾಗೆ ಎರಡೂ ಕೈ ಬಾಯಿಗೆ ಹಿಡಿದು ನಕ್ಕರು. ಆಮೇಲೆ ನೆನಪಾಯಿತು, ತಾವು ಸೋತರೆಂದು. ಅವತ್ತು ಸಾಹುಕಾರರ ಆಳು ಹಬ್ಬದೂಟಕ್ಕೆ ಹೋಗಿದ್ದ. ನಾನು ಸುತ್ತ ನೋಡಿ, ಯಾರೂ ಕೇಳಿಲ್ಲ ಮೇಡಂ, ಭಜ್ಜಿ ಆರ್ತದ, ಉಣ್ರಿ ಎಂದೆ.

"ಕೇಳಿದ್ದು ಕೇಳಿಲ್ಲ ಅನ್ಲಾಕ ನಾ ಏನು ಪುಢಾರಿ ಏನೋ?" ಎಂದು ಎದ್ದೇಬಿಟ್ಟರು.

ಇಳಿಜಾರಿನಲ್ಲಿ ಅವರು ಮುಂದೆ, ಅವರ ಹಿಂದೆ ಭಜ್ಜಿಯ ಪಾತ್ರೆ ಹಿಡಿದ ಯಜಮಾನರು, ಕೊನೆಗೆ ನಾನು. ಬಾಯಿ ಮುಚ್ಚಿಕೊಂಡು ತಿಂದಿದ್ದರೆ ಸಾಕಿತ್ತಲ್ಲ ಎಂದು ನನ್ನನ್ನು ನಾನೇ ಅವ್ವನ ದನಿಯಲ್ಲಿ ಬೈದುಕೊಂಡೆ. ಕೆಳಗೆ ಸಾಹುಕಾರರು ಹಣೆ ತುಂಬ ವಿಭೂತಿ ಬಳಿದು, ಮಷೀನಿಗೆ ಹಾರ ಹಾಕಿಸಿ, ಡ್ರೈವರುಗಳಿಗೆ ಕೊಬ್ಬರಿ ಹಂಚುತ್ತಿದ್ದರು. ಮೇಡಂ ಎಲ್ಲರ ಮುಂದೆ ನೇರ ಹೇಳಿದರು: ನಿಮ್ಮ ಮಗ್ಗುಲಾಗ ತಿತ್ತರ ಕೂಗಿತ್ರಿ, ನಾ ಸೋತೆ, ನನ್ನ ಮಾತು ಮುಗೀತು.

ಸಾಹುಕಾರರಿಗೆ ಗೆದ್ದ ಹಿಗ್ಗು. ಎರಡು ಹೋಳು ಕೊಬ್ಬರಿ ಹೆಚ್ಚಿಗೆ ಕೊಟ್ಟರು. ನಾ ಹೇಳಿದ್ದಿಲ್ಲೇನ್ರಿ ಎಂದು ಶುರು ಮಾಡಿದ್ದರು, ಅಷ್ಟರಲ್ಲಿ ಆಫೀಸಿನ ಹಿಂದಿನಿಂದ ಅದೇ ಕೂಗು ಮತ್ತೆ ಕೇಳಿತು. ಇಷ್ಟು ಹತ್ತಿರದಿಂದ ಕಾಡಿನ ತಿತ್ತರ ಕೂಗುವುದಿಲ್ಲ. ನಾನು ಗೋಡೆ ಸುತ್ತಿ ಹೋದೆ. ಬಿಸಿಲಿಗೆ ಇಟ್ಟ ಬಿದಿರಿನ ಪಂಜರ, ಅರ್ಧ ಸರಿಸಿದ ಬಿಳಿ ಬಟ್ಟೆ, ಒಳಗೆ ಸಾಹುಕಾರರಷ್ಟೇ ದುಂಡಗಿನ ಒಂದು ತಿತ್ತರ. ನಮ್ಮ ಕಡೆ ಹಳೇ ಕಾಲದಿಂದ ತಿತ್ತರ ಸಾಕುವ ಷೋಕಿಯವರಿದ್ದಾರೆ, ಹಕ್ಕಿಗೆ ಗೆದ್ದಲು ಹುಡುಕಿ ತಿನ್ನಿಸುವುದರಲ್ಲಿ ಹೆಂಡತಿ ಮಕ್ಕಳನ್ನೇ ಮರೆಯುವವರು. ಸಾಹುಕಾರರೂ ಆ ಪೈಕಿ ಎಂದು ನಮಗೆ ಗೊತ್ತಿರಲಿಲ್ಲ. ಪಂಜರ ಎತ್ತಿಕೊಂಡು ಮುಂದೆ ತಂದೆ.

ಸಾಹುಕಾರರ ಮುಖ ಬಿಳಿಚಿತು. ಅವರು ಮೋಸ ಮಾಡಿರಲಿಲ್ಲ, ಅದು ಅವರ ಮುಖದ ಮೇಲೇ ಇತ್ತು. ಅಷ್ಟು ಮಂದಿಯೆದುರು ಮೋಸಗಾರನೆನಿಸಿಕೊಳ್ಳುವ ಅಂಜಿಕೆಗೆ ಮಾತು ಗಡಬಡಿಸಿತು.

"ಬಸವಣ್ಣನ ಆಣಿ ಬಾಯೋರ, ಪಂದ್ಯಾ ಗೆಲ್ಲಬೇಕಂತ ತಂದಿಲ್ರಿ ನಾ. ಇಷ್ಟ ದಿನದಾಗ ಒಂದ ರವಿವಾರರೆ ತಂದಿದ್ದೆನೇನು, ಇವರಿಗಿ ಕೇಳ್ರಿ. ಮಷೀನ ಬಂದ್ ಇದ್ದ ದಿನಾ ಅಷ್ಟೇ ತರ್ತೇನಿ. ಓಡೋವಾಗ ಇಲ್ಲಿ ತರ್ತಾರೇನ್ರಿ ಯಾರರೆ? ಈ ಧೂಳಿನಾಗ ಒಂದ ದಿನಾ ಇಟ್ರ ಗಂಟಲಾ ಹೋಗ್ತದ ಅದರದು."

ಹೇಳಿ ಮುಗಿಸಿದ ಮೇಲೆ ಅವರ ಕಿವಿಗೆ ಅವರ ಮಾತು ಮುಟ್ಟಿತು. ಡ್ರೈವರುಗಳು ಕೊಬ್ಬರಿ ಅಗಿಯುವುದನ್ನು ನಿಲ್ಲಿಸಿದರು. ಯಜಮಾನರು ಭಜ್ಜಿಯ ಪಾತ್ರೆಯೊಳಗೆ ಇಣುಕುತ್ತ ನಿಂತರು. ನನ್ನ ನಾಲಿಗೆಯ ತುದಿಗೆ ಹತ್ತು ಮಾತು ಬಂದಿದ್ದವು. ಮೇಡಂ ನನ್ನತ್ತ ನೋಡಿದ ಒಂದೇ ನೋಟಕ್ಕೆ ಹತ್ತನ್ನೂ ನುಂಗಿದೆ.

ಅವರು ಗೆದ್ದೆನೆನ್ನಲಿಲ್ಲ. ಪಂಜರದ ಹತ್ತಿರ ಕುಳಿತು, ಹಕ್ಕಿಯನ್ನು ಎಲ್ಲ ಕಡೆಯಿಂದ ನೋಡಿ, ಭಾಳ ಛಂದ ಸಾಕೀರಿ ಎಂದರು. ಸಾಹುಕಾರರು ಹೆಗಲ ಮೇಲಿನ ಸೆಲ್ಲೆಯಿಂದ ಹಣೆ ಒರೆಸಿಕೊಂಡರು. ಸಂಕ್ರಾಂತಿ ದಾಟಿದ ಮ್ಯಾಲ ತಗಡಿನವರಿಗಿ ಕರಸ್ತೇನ್ರಿ ಎಂದರು. ಮೇಡಂ ತಲೆಯಾಡಿಸಿ, ಎಲ್ಲರಿಗೂ ಭಜ್ಜಿ ಬಡಿಸಲು ಹೇಳಿದರು. ಮಷೀನಿನ ನೆರಳಿನಲ್ಲಿ, ಹಾರ ಹಾಕಿದ ಕಬ್ಬಿಣದ ಬಾಯಿಯ ಕೆಳಗೆ, ಎರಡೂ ಪಕ್ಷ ಸೇರಿ ಎರಡನೇ ಸಲ ಊಟ ಮಾಡಿದೆವು.

ತಗಡಿನವರು ಬಂದರು. ಮುಚ್ಚಿಗೆ ಎದ್ದಿತು, ನೀರಿನ ನಳ ಕೂತವು. ಮುಚ್ಚಿಗೆಯ ಕೊನೆಯ ಮೊಳೆ ಬಡಿದ ಮೇಲೆಯೇ ಮೇಡಂ ಎರಡನೇ ವಿಷಯ ತೆಗೆದದ್ದು: ಕಾಡಿನ ಹಕ್ಕಿ ಪಂಜರದಾಗ ಇಡೋದು ಕಾಯದಾ ಪ್ರಕಾರ ಗುನ್ನೆ ಅದ, ಗೊತ್ತದೇನ್ರಿ ಸಾಹುಕಾರ್ರ? ಇದನ್ನು ಅಂದೇ ಹೇಳಿದ್ದರೆ ಕೆಲಸ ಬೇಗ ಆಗುತ್ತಿತ್ತಲ್ಲ ಎಂದು ನಾನು ಆಮೇಲೆ ಕೇಳಿದೆ. ಅಂಜಿಸಿ ಕಟ್ಟಿಸಿದ ಮುಚ್ಚಿಗೆ ಮಳಿಗಾಲಕ್ಕ ಸೋರ್ತದಪಾ ಎಂದರು. ಸಾಹುಕಾರರು ಒಂದು ವಾರ ಮೇಡಂ ಸಂಗಡ ಮಾತು ಬಿಟ್ಟರು, ಎರಡನೇ ವಾರ ಹಕ್ಕಿಯನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸಿದರು. ಈಗಲೂ ಒಂದು ಡಬ್ಬಿ ಗೆದ್ದಲು ಹಿಡಿದು ಅದನ್ನು ನೋಡಲು ಹೋಗುತ್ತಾರೆ. ಮಗಳನ್ನು ಕೊಟ್ಟ ಊರಿಗೆ ಹೋದ ಹಾಗೆ, ಮರಳಿ ಬರುವಾಗ ಕಣ್ಣು ಒದ್ದೆ.

ಬೇಸಗೆ ಕಳೆಯಿತು. ಮಳೆ ಬಂದು ಪಡುವಣದ ಮಗ್ಗುಲಿನ ಮುಖ ತೊಳೆಯಿತು. ತೊಳೆದ ಮುಖ ಈ ಸಲ ಹಾಗೇ ಉಳಿಯಿತು, ಪೂರಾ ಅಲ್ಲ, ಮುಕ್ಕಾಲು ಪಾಲು. ಹಳೆಯ ಎಲೆ ಉದುರಿದಲ್ಲಿ ಹೊಸದು ತನ್ನದೇ ಬಣ್ಣದಲ್ಲಿ ಬಂತು. ಸೀತಾಫಲದ ಗಿಡವೊಂದರಲ್ಲಿ ಕಾಯಿ ಕಂಡವು, ನನ್ನ ಮುಷ್ಟಿಗಿಂತ ಚಿಕ್ಕವು, ಆದರೂ ಕಾಯಿ. ಇರುವೆ ಬಂದವು, ಜೇಡ ಬಂದಿತು. ಕಲ್ಲುಹೂವು ಬರಲಿಲ್ಲ. ಅದು ನಿಧಾನಕ್ಕೆ ನಂಬುವ ಜಾತಿ, ನನ್ನ ಜೀವಮಾನದಾಗ ಬರಂಗಿಲ್ಲ ಎಂದು ಮೇಡಂ ಹೇಳಿದರು, ಅದನ್ನೂ ನಗುತ್ತಲೇ. ಆದರೆ ಪ್ರತಿ ರವಿವಾರ ನಾನು ಕೂಗಿದಾಗ ಮಾತ್ರ ಅವರ ನಗೆ ನಿಂತು ಕಿವಿ ಉದ್ದವಾಗುತ್ತಿತ್ತು. ಓಗೊಡುವವರಿರಲಿಲ್ಲ. ನಿವೃತ್ತಿಯ ದಿನ ಹತ್ತಿರ ಬರುತ್ತಿತ್ತು.

ನೌಕರಿಯಲ್ಲಿ ಅವರದು ಕೊನೆಯ ರವಿವಾರ. ಸಾಹುಕಾರರೂ ಬಂದಿದ್ದರು, ಮೊದಲ ಸಲ ಗುಡ್ಡ ಹತ್ತಿ, ಏದುಸಿರು ಬಿಡುತ್ತ, ಗಿಡಕ್ಕೊಂದು ಸಲ ಕೂರುತ್ತ. ಪಡುವಣದ ಮಗ್ಗುಲಲ್ಲಿ ನಿಂತು ನಾನು ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ. ಇನ್ನೂ ಬಾಯಿ ತೆರೆದಿರಲಿಲ್ಲ. ಆಗ ಪೊದೆಯ ಆಚೆಯಿಂದ ಕೂಗು ಬಂತು.

ಮೇಡಂ ಮೊದಲು ಮಾಡಿದ ಕೆಲಸವೆಂದರೆ ಸಾಹುಕಾರರ ಕಡೆ ತಿರುಗಿ ಹುಬ್ಬೇರಿಸಿದ್ದು. ಸಾಹುಕಾರರು ಎರಡೂ ಕೈ ಖಾಲಿ ತೋರಿಸಿ, ಗಂಟಲು ಮುಟ್ಟಿ ಆಣೆ ಮಾಡಿದರು. ಆದರೂ ಮೇಡಂಗೆ ಪೂರಾ ಧೈರ್ಯ ಬರಲಿಲ್ಲ. ಹಾದಿ ತಪ್ಪಿ ಬಂದ ಹಕ್ಕಿಯೂ ಕೂಗುತ್ತದೆ, ಒಂದು ದಿನ ಕೂಗಿ ಹೋಗುತ್ತದೆ. ಪಿಸುಮಾತಿನಲ್ಲಿ ನನಗೆ, ಜವಾಬು ಕೊಡು ಎಂದರು.

ನನ್ನ ಬದುಕಿನಲ್ಲಿ ಕೂಗಿದ ಅತ್ಯುತ್ತಮ ಕೂಗು ಅದು. ಎದೆ ಉಬ್ಬಿಸಿ, ಗಂಡು ತಿತ್ತರದ ಪೂರಾ ಗತ್ತಿನಲ್ಲಿ ಕೂಗಿದೆ. ಪೊದೆ ಸುಮ್ಮನಾಯಿತು. ನನ್ನ ಕಲೆ ಹೆಚ್ಚಾಯಿತೇನೋ ಎಂದುಕೊಳ್ಳುವಷ್ಟರಲ್ಲಿ ಸೀತಾಫಲದ ಬುಡದಿಂದ ಕಂದು ಬಣ್ಣದ್ದೊಂದು ಉಂಡೆ ಹೊರಬಿದ್ದು ನೇರ ನನ್ನ ಕಡೆಗೇ ಓಡಿಬಂತು. ನಾಲ್ಕು ಮಾರು ದೂರದಲ್ಲಿ ನಿಂತು, ಕತ್ತು ಎತ್ತಿ, ಎದೆ ಸೆಟೆಸಿ, ಮತ್ತೊಂದು ಸಲ ಕೂಗಿತು. ನಾನು ಬರೀ ಬಾಯಿ ಇರುವ ಮನುಷ್ಯನೆಂದು ಅದಕ್ಕೆ ಗೊತ್ತಾದರೂ ಹಿಂದೆ ಸರಿಯಲಿಲ್ಲ. ಕಾಲು ಕೆರೆದು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅದರ ಹಿಂದೆ, ಹುಲ್ಲಿನ ಮರೆಯಲ್ಲಿ, ಹೆಣ್ಣೊಂದರ ಸಣ್ಣ ದನಿ "ಕಿಲ ಕಿಲ" ಎಂದು ಗಂಡನಿಗೆ ಕುಮ್ಮಕ್ಕು ಕೊಡುತ್ತಿತ್ತು.

ಮೇಡಂ ಅಲ್ಲಿಯೇ ಕಲ್ಲಿನ ಮೇಲೆ ಕುಳಿತುಬಿಟ್ಟರು. ನಗುತ್ತಿದ್ದರೋ ಅಳುತ್ತಿದ್ದರೋ, ಅಷ್ಟು ವರ್ಷ ಅಣಕಿಸಿದ ನನಗೂ ತಿಳಿಯಲಿಲ್ಲ.

"ಬಾಂದಿನ ಜಗಳಕ್ಕ ಬಂದದ ನೋಡ್ರಿ ಸಾಹುಕಾರ್ರ" ಎಂದರು. "ಹೊಲಾ ತನ್ನದು ಅಂತ ಆದ ಮ್ಯಾಲೇ ಮನಶ್ಯಾ ಬಾಂದಿಗಿ ನಿಂತು ಜಗಳಾ ತಗೀತಾನ. ಇದು ಇಲ್ಲೇ ಮನಿ ಮಾಡ್ಯಾದ." ಆಮೇಲೆ ನನ್ನ ಕಡೆ ತಿರುಗಿ, "ಸರಿಯೋ, ಅವರ ಜಾಗಾ ಬಿಡು" ಎಂದರು.

ನಾನು ತಪ್ಪಾಯಿತೆಂದು ಕೈಮುಗಿದು ಎರಡು ಹೆಜ್ಜೆ ಹಿಂದೆ ಸರಿದೆ. ಅದಕ್ಕೆ ಸಾಲಲಿಲ್ಲ. ಇನ್ನೆರಡು ಸರಿದೆ.